ಕ್ಲಾಂಪ್ ಬಿಚ್ಚಿದ್ದು ನಾನೇ

ಮಲೇಷ್ಯಾದ ಪುಚೊಂಗ್‌ನ ನಮ್ಮ ಮನೆಯಲ್ಲಿ ಅಡುಗೆಮನೆಯ ಕಟ್ಟೆ ಈದ್‌ಗೆ ಮುಂಚೆ ಹೊಸದಾಗಬೇಕೆಂದು ಹಟ ಹಿಡಿದವಳು ನಾನು. ಗ್ರಾನೈಟ್ ಬೇಡ, ಕೂಡಿಸಿದ ಗುರುತೇ ಕಾಣದ ಸಾಲಿಡ್ ಸರ್ಫೇಸ್ ಎಂಬ ಕೃತಕ ಕಲ್ಲಿನ ಹಲಗೆ ಬೇಕು ಎಂದವಳೂ ನಾನೇ. ಕಂಟ್ರಾಕ್ಟರ್ ಕಳಿಸಿದ್ದು ಅರವತ್ತು ದಾಟಿದ ತಮಿಳು ಕೆಲಸಗಾರರೊಬ್ಬರನ್ನು. ನಾನು ಅಂಕಲ್ ಎನ್ನುತ್ತಿದ್ದೆ. ಅವರ ತಮಿಳು, ನನ್ನ ಕನ್ನಡ ಬೆರೆತು ಹೇಗೋ ಮಾತು ನಡೆಯುತ್ತಿತ್ತು.

ಮೂಲೆಯಲ್ಲಿ ಎರಡು ಹಲಗೆಗಳನ್ನು ಕೂಡಿಸಬೇಕಿತ್ತು. ಅಂಕಲ್ ಅಂಚುಗಳನ್ನು ಸ್ಪಿರಿಟ್ ಹಾಕಿ ಒರೆಸಿದರು. ಎಪಾಕ್ಸಿ ಅಂಟಿನ ಎರಡು ಭಾಗಗಳನ್ನು ಕಲಸಿ, ಹಲಗೆಯ ಬಣ್ಣ ಬರುವವರೆಗೆ ಚಿಟಿಕೆ ಚಿಟಿಕೆಯಾಗಿ ಪುಡಿ ಸೇರಿಸಿದರು. ಅಂಟು ಹಚ್ಚಿ, ಕೂಡಿಸಿ, ಅದು ಗಟ್ಟಿಯಾಗುವವರೆಗೆ ಹಲಗೆಗಳು ಅಲುಗದಂತೆ ಮೂರು ಕ್ಲಾಂಪ್ ಬಿಗಿದರು.

"ನಾಳೆ ಬೆಳಿಗ್ಗೆ ನಾನೇ ಬಂದು ಬಿಚ್ತೀನಮ್ಮಾ. ಅಲ್ಲೀವರೆಗೂ ಮುಟ್ಟಬೇಡಿ ಲಾ."

ಅವರು ಹೋಗಿ ಒಂದು ಗಂಟೆಯೂ ಆಗಿರಲಿಲ್ಲ, ದಾವಣಗೆರೆಯಿಂದ ಅಕ್ಕ ಫೋಟೊ ಕಳಿಸು ಎಂದಳು. ಕ್ಲಾಂಪ್ ಕಚ್ಚಿಕೊಂಡ ಕಟ್ಟೆ ಚೆನ್ನಾಗಿ ಕಾಣಲಿಲ್ಲ. ಮೂರನ್ನೂ ಬಿಚ್ಚಿ, ಹಣ್ಣಿನ ಬುಟ್ಟಿ ಇಟ್ಟು ಫೋಟೊ ತೆಗೆದೆ. ಮತ್ತೆ ಇದ್ದಂತೆಯೇ ಬಿಗಿದೆ. ಹಾಗಂತ ಅಂದುಕೊಂಡೆ.

ಮರುದಿನ ಅಂಕಲ್ ಕ್ಲಾಂಪ್ ಬಿಚ್ಚಿ ಉಜ್ಜಿದಾಗ ಒಂದು ಹಲಗೆ ಕೂದಲೆಳೆಯಷ್ಟು ಮೇಲೆದ್ದಿತ್ತು, ನಡುವೆ ಬಿರುಕು. ನನ್ನ ಗಂಡ ಕಂಟ್ರಾಕ್ಟರ್‌ಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು.

"ಇಷ್ಟು ವರ್ಷ ಆಯ್ತು, ಒಂದು ಜಾಯಿಂಟ್ ಕೂಡಿಸೋಕೆ ಬರಲ್ವಾ?" ಕಂಟ್ರಾಕ್ಟರ್ ಕೂಗಾಡಿದರು.

"ಕಲಸೋದ್ರಲ್ಲಿ ಹೆಚ್ಚು ಕಡಿಮೆ ಆಗಿರಬೇಕು, ಬಾಸ್. ನಂದೇ ತಪ್ಪು," ಎಂದರು ಅಂಕಲ್, ತಲೆ ತಗ್ಗಿಸಿ.

ನಾನು ಅಲ್ಲೇ ಚಹಾ ಸೋಸುತ್ತಿದ್ದೆ. ಅವರಿಗೆ ಚಹಾದ ಜೊತೆ ನಾಲ್ಕು ಬಿಸ್ಕೆಟ್ ಹೆಚ್ಚಿಗೆ ಇಟ್ಟೆ, ಅಷ್ಟೆ. ಅವರು ಜಾಯಿಂಟ್ ಕತ್ತರಿಸಿ ಮೊದಲಿನಿಂದ ಮಾಡಿಕೊಟ್ಟರು. ಅದು ಇಂದಿಗೂ ಗಟ್ಟಿಯಾಗಿದೆ.

ಕೆಲವು ತಿಂಗಳ ನಂತರ ಬಚ್ಚಲಮನೆಯ ಬೇಸಿನ್ ಕಟ್ಟೆಗೆ ಅಂಕಲ್ ಅವರನ್ನೇ ಕಳಿಸಿ ಎಂದು ಕೇಳಿದೆ.

"ಅವ್ರು ಈಗ ಪಾಲಿಶ್ ಮಾತ್ರ ಮಾಡೋದು. ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ ಅಂತಾರೆ," ಎಂದರು ಕಂಟ್ರಾಕ್ಟರ್.

ಅಂಕಲ್ ನಂಬರ್ ತೆಗೆದುಕೊಂಡು ಫೋನ್ ಮಾಡಿ ಎಲ್ಲವನ್ನೂ ಹೇಳಿದೆ.

"ಎಷ್ಟು ಹೊತ್ತು ಬಿಚ್ಚಿದ್ರಿ?"

"ಐದು ನಿಮಿಷ, ಅಂಕಲ್."

"ನಾನು ಮನೇಲಿ ಹತ್ತು ಸಲ ಕಲಸಿ ನೋಡಿದೆನಮ್ಮಾ. ಪ್ರತಿ ಸಲಾನೂ ಕಲ್ಲಿನ ಹಾಗೆ ಕೂತ್ಕೋತು. ನಿಮ್ಮನೇಲಿ ಮಾತ್ರ ಯಾಕೆ ಹಂಗಾಯ್ತು ಅಂತ ತಿಳೀಲೇ ಇಲ್ಲ. ಅವತ್ತೇ ಹೇಳಬಹುದಿತ್ತಲ್ಲಮ್ಮಾ," ಎಂದರು.

ಫೋನ್ ಇಟ್ಟವಳೇ ಗಂಡನಿಗೂ ಕಂಟ್ರಾಕ್ಟರ್‌ಗೂ ನಿಜ ಹೇಳಿದೆ. ಕಂಟ್ರಾಕ್ಟರ್ ನಕ್ಕು, ಸಣ್ಣ ವಿಷಯ ಬಿಡಿ ಎಂದರು. ಗಂಡ ನಗಲಿಲ್ಲ.

ಅಂಕಲ್ ಈಗ ಮತ್ತೆ ಜಾಯಿಂಟ್ ಕೆಲಸಕ್ಕೆ ಕೈ ಹಾಕಿದ್ದಾರಂತೆ. ನಮ್ಮ ಬಚ್ಚಲಮನೆಗೆ ಮಾತ್ರ ಬರಲು ಒಪ್ಪಲಿಲ್ಲ. ಬೇರೆ ಯಾರೋ ಬಂದು ಮಾಡಿಹೋದರು.