ಅವ್ವ ತಡೆದು ಒತ್ತಿದ ಗುಂಡಿ

ನನ್ನ ನೆನಪಿನಲ್ಲಿ ಆ ಪ್ರಯೋಗಾಲಯದ ಕಿಟಕಿಯಾಚೆ ಒಂದು ಗುಲ್‌ಮೊಹರ್ ಮರವಿದೆ. ಪ್ರಯೋಗಾಲಯಕ್ಕೆ ಕಿಟಕಿಯೇ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಹೈದರಾಬಾದು ಇನ್ನೂ ಆಂಧ್ರದ ರಾಜಧಾನಿಯಾಗಿದ್ದ ಕಾಲ. ಭಾಷಾವಿಜ್ಞಾನ ಓದಿದ್ದ ನಾನು, ಮಿದುಳನ್ನೂ ಮನಸ್ಸನ್ನೂ ಒಟ್ಟಿಗೆ ಕಲಿಸುವ ಪಿಎಚ್.ಡಿ.ಗೆ ಸೇರಿದ್ದೆ. ಜೊತೆಗೆ ಒಬ್ಬಳು ಡಾಕ್ಟರ್, ಒಬ್ಬ ಇಂಜಿನಿಯರ್. ಅವಳು ಕ್ಯಾಂಟೀನಿನಿಂದ ಹೂಕೋಸು ತಂದು ಕೊಯ್ದು ಮಿದುಳಿನ ಮಡಿಕೆಗಳನ್ನು ವಿವರಿಸಿದಳು. ಅವನು ಪ್ರೋಗ್ರಾಂ ಬರೆಯಲು ಕಲಿಸಿದ. ನಾನು ಇಬ್ಬರಿಗೂ ಚಹಾ ಕುಡಿಸಿ, ಪದವೆಂದರೇನು ಎಂದು ತಲೆ ತಿನ್ನುತ್ತಿದ್ದೆ. ಒಬ್ಬರ ವಿಷಯದಲ್ಲಿ ಉಳಿದಿಬ್ಬರೂ ಒಂದನೇ ಇಯತ್ತೆ. ಅಷ್ಟು ಸುಖವಾಗಿ ದಡ್ಡನಾಗಿದ್ದದ್ದು ಆಮೇಲೆ ಎಂದೂ ಇಲ್ಲ.

ಮನೆಯಲ್ಲಿ ಕನ್ನಡ, ಹೊರಗೆ ತೆಲುಗು ಆಡುವವರು ಎರಡನ್ನೂ ಎಷ್ಟು ಬೇಗ ಬೇರ್ಪಡಿಸುತ್ತಾರೆ ಎಂಬುದು ನನ್ನ ವಿಷಯ. ಮಾರ್ಗದರ್ಶಕರಿಗೆ ನಂಬಿಕೆಯಿರಲಿಲ್ಲ. ಪರಿಶೀಲನಾ ಸಭೆಯೊಳಗೆ ಸರಿಯಾದ ಅಳತೆ ತೋರಿಸದಿದ್ದರೆ ವಿಷಯ ಬಿಡಬೇಕು ಎಂದಿದ್ದರು. ಅಂಥ ಜನ ಊರಂಚಿನ ಕುಷಾಯಿಗೂಡದ ನಮ್ಮ ಕಾಲೋನಿಯಲ್ಲೇ ಇದ್ದರು, ಎಲ್ಲ ಅಪ್ಪ ಕೆಲಸಕ್ಕಿದ್ದ ಕಾರ್ಖಾನೆಯವರ ಮನೆಗಳು. ಮೊದಲು ಅವ್ವನನ್ನೇ ಕರೆತಂದೆ.

ಕಿವಿಯಲ್ಲಿ ಒಂದು ಪದ ಕೇಳಿಸುತ್ತದೆ. ಕನ್ನಡವಾದರೆ ಎಡಗುಂಡಿ, ತೆಲುಗಾದರೆ ಬಲಗುಂಡಿ, ಆದಷ್ಟು ಬೇಗ ಒತ್ತಬೇಕು. ಇಸ್ತ್ರಿ ಮಾಡಿದ ಸೀರೆಯುಟ್ಟು ಬಂದಿದ್ದ ಅವ್ವ ಪ್ರತಿ ಪದಕ್ಕೂ ಕಣ್ಣು ಮುಚ್ಚಿ, ಯೋಚಿಸಿ, ಒತ್ತಿದಳು. ಒಂದೂ ತಪ್ಪಲಿಲ್ಲ. ಆದರೆ ಎಲ್ಲವೂ ತಡ, ಗಣಕಯಂತ್ರ ಬಹುಪಾಲನ್ನು ಸಮಯ ಮೀರಿತೆಂದು ಎಸೆದುಬಿಟ್ಟಿತು. ಬಾಗಿಲಲ್ಲಿ ನಿಂತು ಬೇಗ ಒತ್ತು ಎಂದೆ. ತಲೆಯಾಡಿಸಿ ಮತ್ತೆ ಹಾಗೇ ಮಾಡಿದಳು.

ಮನೆಗೆ ಮರಳುತ್ತ ಮೆಹದಿಪಟ್ಟಣಂನಲ್ಲಿ ಬಸ್ಸು ಬದಲಿಸುವಾಗ, ಗೊತ್ತಿರುವ ಪದಕ್ಕೂ ಯಾಕೆ ಅಷ್ಟು ತಡ ಎಂದು ಕೇಳಿದೆ.

"ಗೊತ್ತಿತ್ತಪ್ಪ. ಒಂದ್ ತಪ್ಪಾದ್ರ ನಿನ್ನ ಮಾರ್ಕ್ಸ್ ಹೋಗ್ತಾವ. ಪರೀಕ್ಷಾ ನಿಂದೈತಿ, ನಾ ಯಾಕ ಗಡಿಬಿಡಿ ಮಾಡ್ಲಿ?"

"ಅದು ಪರೀಕ್ಷಾ ಅಲ್ಲವ್ವ."

"ಮತ್ತ ಬಾಗಲದಾಗ ನಿಂತು ಯಾಕ ಬೆವರಾಕತ್ತಿದ್ದಿ?"

ಮರುದಿನವೇ ಸೂಚನೆಯ ಹಾಳೆಯನ್ನು ಹೊಸದಾಗಿ ಬರೆದೆ: ತಪ್ಪಾದರೂ ಚಿಂತೆಯಿಲ್ಲ, ಇದರಿಂದ ಯಾರ ಅಂಕವೂ ಹೋಗುವುದಿಲ್ಲ. ಬಾಗಿಲಲ್ಲಿ ನಿಲ್ಲುವುದನ್ನೂ ಬಿಟ್ಟೆ. ಕಾಲೋನಿಯವರ ಬೆರಳು ಓಡತೊಡಗಿತು. ಸಭೆಯಲ್ಲಿ ನನ್ನ ವಿಷಯ ಉಳಿಯಿತು.

ಇದನ್ನು ಎಷ್ಟೋ ಸಲ ಹೇಳಿದ್ದೇನೆ. ಹೇಳುವಾಗ ಪ್ರತಿ ಸಲವೂ ಆ ಬಸ್‌ಸ್ಟಾಪಿನಲ್ಲೇ ನನಗೆ ಎಲ್ಲ ಹೊಳೆಯುತ್ತದೆ, ಅವ್ವನೂ ನಾನೂ ನಗುತ್ತೇವೆ. ಹೋದ ತಿಂಗಳು ಹಳೆಯ ನೋಟ್‌ಬುಕ್ ಸಿಕ್ಕಿತು. ಅವ್ವನ ಸಾಲಿನ ಮುಂದೆ ನನ್ನದೇ ಅಕ್ಷರ: ಗಮನವಿಲ್ಲ, ಕೈಬಿಡುವುದು. ಸೂಚನೆ ತಿದ್ದಿದ್ದು ಮರುದಿನವಲ್ಲ, ಎರಡು ವಾರದ ಮೇಲೆ, ಕಾಲೋನಿಯ ಇನ್ನೂ ನಾಲ್ವರು ಹಾಗೇ ತಡೆದು ತಡೆದು ಒತ್ತಿದ ನಂತರ. ಆ ನಾಲ್ವರನ್ನು ಮತ್ತೆ ಕರೆಸಿ ಅಳೆದಿದ್ದೇನೆ. ಸಭೆಗೆ ಒಯ್ದ ಪಟ್ಟಿಯಲ್ಲಿ ಅವರಿದ್ದಾರೆ.

ಅವ್ವನನ್ನು ಎರಡನೇ ಸಲ ಕರೆಯಲೇ ಇಲ್ಲ. ಕಾಲೋನಿಯಲ್ಲಿ ಕೇಳಿದವರಿಗೆಲ್ಲ ಆಕೆ, ಮಗನ ಪರೀಕ್ಷೆಯಲ್ಲಿ ತನ್ನದೊಂದೂ ತಪ್ಪಾಗಲಿಲ್ಲ ಎಂದು ಹೇಳಿಕೊಂಡು ಬಂದಳು.