ಕೆಡಲು ಕೆಲಸವಿಲ್ಲದ ಪ್ರಯಾಣ

ನಮ್ಮ ಮನೆತನದಲ್ಲಿ ಮೊತ್ತಮೊದಲು ಪದವಿ ಪಡೆದವಳು ನಾನೇ ಆದುದರಿಂದ, ನಾನು ಬರೆದುದನ್ನು ಓದಿ ತಿದ್ದುವವರು ಮನೆಯಲ್ಲಿ ಯಾರೂ ಇಲ್ಲ. ಈ ಬರಹದ ಲೋಪದೋಷಗಳೆಲ್ಲ ಯಾರ ತಡೆಯೂ ಇಲ್ಲದೆ ನೇರವಾಗಿ ತಮ್ಮೆದುರು ಬಂದು ನಿಲ್ಲುತ್ತಿವೆಯೆಂಬುದನ್ನು ಮೊದಲೇ ವಿನಯದಿಂದ ಅರಿಕೆ ಮಾಡಿಕೊಳ್ಳುತ್ತೇನೆ. ಬಳ್ಳಾರಿಯ ಒಂದು ಕಚೇರಿಯಲ್ಲಿ ಹಲವು ವರ್ಷಗಳಿಂದ ಕಡತಗಳಿಗೆ ಟಿಪ್ಪಣಿ ಬರೆಯುತ್ತಿರುವವಳು ನಾನು. ಆದ್ದರಿಂದ ಕೆಲವು ವಾಕ್ಯಗಳು ಮೇಲಧಿಕಾರಿಗಳ ಸಹಿಗಾಗಿ ಕಾದು ನಿಂತಂತೆ ಕಂಡರೆ ಅದನ್ನೂ ಮನ್ನಿಸಬೇಕು.

ವಿಷಯ ಅತ್ಯಲ್ಪವಾದುದು. ನಮ್ಮ ಕಡೆ ಮನೆಯಿಂದ ಹೊರಟವರನ್ನು ‘ಎಲ್ಲಿಗೆ?’ ಎಂದು ಕೇಳುವಂತಿಲ್ಲ; ಕೇಳಿದರೆ ಹೋದ ಕೆಲಸ ಕೆಡುತ್ತದೆಯೆಂಬ ನಂಬಿಕೆ. ಆದರೆ ಕುತೂಹಲವೆಂಬುದು ಶಕುನಶಾಸ್ತ್ರಕ್ಕೆ ಅಧೀನವಾದ ಪದಾರ್ಥವಲ್ಲವಷ್ಟೆ. ಹೀಗಾಗಿ ಸಭ್ಯರಾದವರು ‘ದೂರ ಹೊಂಟೀರೇನು?’ ಎಂದು ಕೇಳಿ, ಶಕುನವನ್ನೂ ಕುತೂಹಲವನ್ನೂ ಏಕಕಾಲದಲ್ಲಿ ಕಾಪಾಡುತ್ತಾರೆ. ನಮ್ಮ ಎದುರುಮನೆಯ ಮಾಬುನ್ನಿ ಈ ವಿದ್ಯೆಯಲ್ಲಿ ಪಾರಂಗತಳು. ನಾನು ಓಣಿಯ ತುದಿಯ ಅಂಗಡಿಗೆ ಬೆಂಕಿಪೊಟ್ಟಣ ತರಲು ಹೊರಟರೂ ‘ದೂರ ಹೊಂಟೀರೇನಬೇ?’ ಎಂದು ವಿಚಾರಿಸದೆ ಬಿಟ್ಟವಳಲ್ಲ. ನನ್ನನ್ನು ಬಹುಕಾಲ ಕಾಡಿದ ಸಂದೇಹವಿಷ್ಟೆ: ಕೆಲಸವೇ ಇಲ್ಲದೆ ಹೊರಟವರನ್ನು ಎಲ್ಲಿಗೆಂದು ಕೇಳಿದರೆ ಕೆಡುವುದಾದರೂ ಏನು?

ಇಂತಹ ಸಂದೇಹ ನಮ್ಮ ಮನೆಯಲ್ಲಿ ಹಿಂದೆಂದೂ ಹುಟ್ಟಿರಲಿಲ್ಲ, ಏಕೆಂದರೆ ಕೆಲಸವಿಲ್ಲದೆ ನಾವು ಹೊರಟದ್ದೇ ಇಲ್ಲ. ಸಿರುಗುಪ್ಪ ತಾಲ್ಲೂಕಿನ ಕರೂರಿನಲ್ಲಿ ನನ್ನ ಅವ್ವ, ಮೊಣಕಾಲುಗಳು ಮುಷ್ಕರ ಹೂಡುವವರೆಗೂ, ಪರರ ಗದ್ದೆಗಳಲ್ಲಿ ಭತ್ತದ ನಾಟಿ ಮಾಡಿದವಳು. ನಮಗೆ ಬಸ್ಸು ಎಂದರೆ ಸಿರುಗುಪ್ಪದ ಆಸ್ಪತ್ರೆ, ಸಿರಿಗೇರಿಯ ನೆಂಟರ ಮನೆಯ ಸಾವು, ಇಲ್ಲವೇ ನನ್ನ ಪರೀಕ್ಷೆ. ಸಿರುಗುಪ್ಪದ ಬಳಿ ತುಂಗಭದ್ರೆ ಅಷ್ಟು ಅಗಲವಾಗಿ ಹರಿಯುತ್ತಿದ್ದರೂ ಅದರ ದಂಡೆಯಲ್ಲಿ ಸುಮ್ಮನೆ ಕುಳಿತ ನೆನಪು ನನಗಿಲ್ಲ. ಕಾಲುವೆಗೆ ನೀರು ಬಿಟ್ಟರೋ ಇಲ್ಲವೋ ಎಂಬುದಷ್ಟೇ ನಮಗೂ ನದಿಗೂ ಇದ್ದ ಬಾಂಧವ್ಯ.

ಕುಟುಂಬಸಮೇತ ವಿಹಾರವೆಂಬುದೊಂದು ಲೋಕದಲ್ಲಿ ಇದೆಯೆಂದು ನನಗೆ ತಿಳಿದದ್ದು ನೌಕರಿ ಸೇರಿದ ಮೇಲೆ. ನಮ್ಮ ವಿಭಾಗದ ಮುಖ್ಯಸ್ಥೆ ಪದ್ಮಜಾ ಮೇಡಂ ಅವರದು ಅಜ್ಜನ ಕಾಲದಿಂದಲೂ ಓದಿದವರ ಮನೆ. ಅವರು ಸೋಮವಾರ ಬೆಳಿಗ್ಗೆ ‘ನಿನ್ನೆ ಮಕ್ಕಳನ್ನ ಕರ್ಕೊಂಡು ಹೋಗಿದ್ವಿ’ ಎಂದು ಹೇಳುವಾಗಿನ ನಿರಾಯಾಸವನ್ನು ಕಂಡು ನಾನು ಬೆರಗಾಗುತ್ತಿದ್ದೆ. ಮಡಚುವ ಚಾಪೆ, ಬಿಸಿನೀರಿನ ಫ್ಲಾಸ್ಕು, ಮಕ್ಕಳಿಗೆ ಟೊಪ್ಪಿಗೆ: ಇವೆಲ್ಲ ಅವರಿಗೆ ಹುಟ್ಟಿನಿಂದಲೇ ಬಂದಂತಿದ್ದವು. ನಾನಾದರೋ ಪರೀಕ್ಷೆಗೆ ಓದಿದಂತೆ ಸಿದ್ಧತೆ ನಡೆಸಿದೆ. ‘ಬೆಳಿಗ್ಗೆ ೯.೧೦ ನಿರ್ಗಮನ, ೧೦.೩೦ ವೀಕ್ಷಣೆ, ೧೨.೦೦ರಿಂದ ೧೨.೨೦ ಆನಂದ’ ಎಂಬ ಮಾದರಿಯ ವೇಳಾಪಟ್ಟಿಯೊಂದನ್ನು ತಯಾರಿಸಿ, ಎಂಟು ವರ್ಷದ ಮಗಳು ಮೇಘನಾಳಿಗೂ ಪತಿರಾಯರಿಗೂ ಓದಿ ಹೇಳಿದೆ. ನಮ್ಮೊಡನೆ ಬಳ್ಳಾರಿಯಲ್ಲೇ ಇರುವ ಅವ್ವ ಎಲ್ಲವನ್ನೂ ಕೇಳಿ, ‘ಅದೆಲ್ಲ ಸರಿ, ಅಲ್ಲಿ ಹೋಗಿ ಮಾಡಾದೇನು?’ ಎಂದಳು.

ಮೊದಲ ವಿಹಾರ ಕುರುಗೋಡಿಗೆ. ಅಲ್ಲಿನ ದೊಡ್ಡ ಬಸವಣ್ಣನ ಬೃಹನ್ಮೂರ್ತಿಯ ಮುಂದೆ ನಾನು ಶಿಲ್ಪಕಲೆಯನ್ನು ಕುರಿತು ಎರಡು ವಾಕ್ಯಗಳನ್ನು ಮನಸ್ಸಿನಲ್ಲಿ ಜೋಡಿಸುತ್ತಿರುವಾಗ, ಅವ್ವ ಭಕ್ತಿಯಿಂದ ಕೈಮುಗಿದು, ಅನಂತರ ಎತ್ತಿನ ಸಂತೆಯಲ್ಲಿ ನಿಂತವಳಂತೆ ಕೊಂಬು, ಹೆಗಲು, ಗೊರಸುಗಳನ್ನು ಪರೀಕ್ಷಿಸಿ, ಪೂಜಾರಿಗಳನ್ನು ಕೇಳಿದಳು: ‘ಎತ್ತು ಚಂದ ಐತಿ. ಇದರ ಜೋಡಿ ಎಲ್ಲೈತ್ರಿ? ಒಂಟಿ ಎತ್ತು ಕಟ್ಟಿ ಏನು ಬ್ಯಾಸಾಯ ಮಾಡ್ತೀರಿ?’

ಪೂಜಾರಿಗಳು ನಕ್ಕು, ‘ಯವ್ವಾ, ಈತ ಬ್ಯಾಸಾಯ ಮಾಡಾವಲ್ಲ. ಸುಮ್ಮನ ಕುಂತಾನ’ ಎಂದರು.

‘ಹಂಗಾರ ನಮ್ಮ ಅಳಿಯನಂಗ ಅನ್ರಿ’ ಎಂದಳು ಅವ್ವ. ಪತಿರಾಯರು ಎಲ್ಲರಿಗಿಂತ ಜೋರಾಗಿ ನಕ್ಕರು. ಅದರಿಂದ ಆರೋಪ ಸಾಬೀತಾಯಿತೆಂದೇ ನನ್ನ ಭಾವನೆ.

ಇಲ್ಲಿಯವರೆಗಿನದು ವಿನೋದ. ಮುಂದಿನದನ್ನು ಬರೆಯಲು ನನಗೆ ಸಂಕೋಚವಿದೆ. ಎರಡನೆಯ ವಿಹಾರ ನಗರದ ಒಂದು ಉದ್ಯಾನಕ್ಕೆ. ಚಾಪೆ ಹಾಸಿದೆವು. ಅವ್ವ ಕುಳಿತಳು, ಆದರೆ ಅವಳ ಕೈಗಳು ಕುಳಿತುಕೊಳ್ಳಲಿಲ್ಲ. ನಾನು ಮೇಘನಾಳನ್ನು ಜೋಕಾಲಿಯಲ್ಲಿ ತೂಗಿ ಮರಳುವಷ್ಟರಲ್ಲಿ ಹುಲ್ಲುಹಾಸಿನ ಒಂದು ಭಾಗ ನಿಷ್ಕಳಂಕವಾಗಿತ್ತು. ಪಕ್ಕದಲ್ಲಿ ಕಿತ್ತ ಕಳೆಯ ಗುಡ್ಡೆ. ಓಡಿ ಬಂದ ಮಾಲಿ, ‘ಏನಬೇ, ಯಾರು ಹಚ್ಯಾರ ನಿನ್ನ ಕೆಲಸಕ್ಕ?’ ಎಂದ.

‘ಯಾರೂ ಹಚ್ಚಿಲ್ಲಪ. ಇಷ್ಟು ಕಳೆ ಬೆಳೆಸಿಕೆಂಡು ನಿನಗ ನಿದ್ದಿ ಹೆಂಗ ಬರ್ತೈತಿ?’

‘ಆ ಕಡಿ ಸಾಲು ಕಳೆ ಅಲ್ಲಬೇ, ಶೋಕಿನ ಗಿಡ! ಮೊನ್ನೆ ಹಚ್ಚೀವಿ!’

ಅಲಂಕಾರಕ್ಕೆಂದು ನೆಟ್ಟ, ಹುಲ್ಲಿನಂತೆಯೇ ಕಾಣುವ ಗಿಡಗಳ ಒಂದು ಸಾಲು ಕಳೆಯ ಜೊತೆಗೆ ಕಿತ್ತುಬಂದಿತ್ತು. ಅವ್ವ ಸೆರಗು ಸಿಕ್ಕಿಸಿಕೊಂಡು, ಸೊಂಟ ಬಗ್ಗಿಸಿ, ಹಿಂದೆ ಹಿಂದೆ ಸರಿಯುತ್ತ, ಮಾಲಿ ಬೈದು ಮುಗಿಸುವುದರೊಳಗೆ ಅಷ್ಟನ್ನೂ ಮತ್ತೆ ನೆಟ್ಟಳು; ಮೊದಲು ಡೊಂಕಾಗಿದ್ದ ಸಾಲು ಈಗ ಗೀಟು ಎಳೆದಂತೆ ನೆಟ್ಟಗಾಗಿತ್ತು. ಜನ ನೆರೆದಿದ್ದರು. ಆ ಜನರ ನಡುವೆ, ಫ್ಲಾಸ್ಕು ಹಿಡಿದು, ಪದ್ಮಜಾ ಮೇಡಂ ನಿಂತಿದ್ದರು.

‘ಯಾರು ಇವರು? ನಿಮ್ಮ ಕಡೆಯವರಾ?’ ಎಂದರು.

‘ನಮ್ಮೂರಿನವರು’ ಎಂದೆ.

ಓದುಗರೇ, ಆ ಉತ್ತರದಲ್ಲಿ ಅಸತ್ಯದ ಒಂದಕ್ಷರವೂ ಇರಲಿಲ್ಲ. ಕಡತದ ಭಾಷೆಯಲ್ಲಿ ಹೇಳುವುದಾದರೆ, ಅದು ಸಂಪೂರ್ಣವಾಗಿ ಕ್ರಮಬದ್ಧವಾಗಿತ್ತು. ಐದಾರು ಮಾರು ದೂರದಲ್ಲಿ ಬಾಗಿ ಕೈಗೆ ಅಂಟಿದ ಮಣ್ಣನ್ನು ಒರೆಸಿಕೊಳ್ಳುತ್ತಿದ್ದ ಅವ್ವನಿಗೆ ಅದು ಕೇಳಿಸಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ನನ್ನನ್ನು ಓದಿಸಲೆಂದು ಕೆಸರಿನಲ್ಲಿ ನಿಂತವಳನ್ನು, ಓದಿದ ಬಾಯಿಂದಲೇ ನಾನು ಊರಿನವಳನ್ನಾಗಿ ಮಾಡಿದ್ದೆ.

ಎರಡು ತಿಂಗಳಾದ ಮೇಲೆ ನಮ್ಮ ವಿಭಾಗದವರೆಲ್ಲ ಒಂದು ಭಾನುವಾರ ಕುಟುಂಬದೊಡನೆ ಬಳ್ಳಾರಿಯ ಕೋಟೆಗುಡ್ಡ ಹತ್ತುವುದೆಂದು ತೀರ್ಮಾನವಾಯಿತು. ಅವ್ವ ಬಂದರೆ ನನ್ನ ಮಾತು ಬಯಲಾಗುತ್ತದೆ. ಬಾರದಿದ್ದರೆ ಆ ಮಾತೇ ಊರ್ಜಿತವಾಗುತ್ತದೆ. ಅಂಜುಬುರುಕರು ಆರಿಸಿಕೊಳ್ಳುವುದನ್ನೇ ನಾನೂ ಆರಿಸಿಕೊಂಡು, ಅವ್ವನಿಗೆ ‘ಆಫೀಸಿನ ಮೀಟಿಂಗ್ ಐತಿ’ ಎಂದೆ. ಆದರೆ ಮೇಘನಾ ಆ ಹೊತ್ತಿಗಾಗಲೇ ಅಜ್ಜಿಗೆ ಗುಡ್ಡದ ವಿಷಯವನ್ನೆಲ್ಲ ಹೇಳಿ ಆಗಿತ್ತು. ಭಾನುವಾರ ನಸುಕಿನಲ್ಲಿ ನಾನು ಅಡುಗೆಮನೆಗೆ ಹೋದಾಗ ಅವ್ವ ಜೋಳದ ರೊಟ್ಟಿಯ ಗಂಟು ಕಟ್ಟುತ್ತಿದ್ದಳು. ‘ಮೀಟಿಂಗಿಗೆ ಇಷ್ಟು ರೊಟ್ಟಿ ಸಾಕೇನವ?’ ಎಂದು ಕೇಳಿದಳು. ಆ ಸ್ವರದಲ್ಲಿ ವ್ಯಂಗ್ಯವಿದ್ದಿದ್ದರೆ ನಾನು ತಪ್ಪಿಸಿಕೊಳ್ಳುತ್ತಿದ್ದೆ. ಇರಲಿಲ್ಲ. ‘ನೀನೂ ಬಾ’ ಎಂದೆ.

ಗುಡ್ಡ ಹತ್ತುವುದು ಸುಲಭ. ಬಳ್ಳಾರಿಯ ಈ ಕೋಟೆಯ ಬಗ್ಗೆ ನನಗೆ ಅಭಿಮಾನವುಂಟು: ಬಯಲಿನ ನಡುವೆ ಬೋಳುಬಂಡೆಯ ಆ ಗುಡ್ಡ, ಅದರ ನೆತ್ತಿಯಲ್ಲಿ ಕಲ್ಲಿನ ಗೋಡೆಗಳು, ಬಂಡೆಯ ಕುಳಿಗಳಲ್ಲಿ ನಿಂತ ನೀರು. ಬಂಡೆಯಲ್ಲೇ ಕಡಿದ ಮೆಟ್ಟಿಲುಗಳನ್ನು ಅವ್ವ ಮೊಣಕಾಲು ಹಿಡಿದುಕೊಂಡು ಏರಿದಳು. ಮೇಲೆ ನಿಂತು ಇಡೀ ನಗರವನ್ನು ನೋಡಿ, ‘ಎಷ್ಟು ಮನಿ ಕಟ್ಯಾರ! ಇವ್ರಿಗೆಲ್ಲ ಅಕ್ಕಿ ನಮ್ಮ ಕಡೇದ ಹೊಕ್ಕೈತಿ’ ಎಂದಳು. ಗೋಡೆಯ ನೆರಳಿನಲ್ಲಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಬಿಚ್ಚಿದಾಗ ಕಚೇರಿಯ ಸಮಸ್ತರೂ ತಮ್ಮ ಡಬ್ಬಿಗಳನ್ನು ಮರೆತರು. ನಾನು ಮಾತ್ರ ಅವ್ವನಿಗೂ ಮೇಡಂ ಅವರಿಗೂ ನಡುವೆ ಗೋಡೆಯಂತೆ ಕುಳಿತಿದ್ದೆ.

ಇಳಿಯುವಾಗ ಅನಾಹುತವಾಯಿತು. ಅರ್ಧ ದಾರಿಯೂ ಇಳಿದಿರಲಿಲ್ಲ. ಕಡಿದಾದ ಒಂದೆಡೆ ಪದ್ಮಜಾ ಮೇಡಂ ಕೆಳಗೆ ನೋಡಿದವರೇ ಬಂಡೆಯ ಮೇಲೆ ಕುಳಿತುಬಿಟ್ಟರು. ‘ನನ್ನಿಂದ ಆಗಲ್ಲ. ತಲೆ ತಿರುಗ್ತಿದೆ’ ಎಂದರು. ಅವರ ಯಜಮಾನರು ಧೈರ್ಯ ಹೇಳಿದರು. ಕಚೇರಿಯವರು, ರೂಢಿಯಂತೆ, ತಲೆಗೊಂದು ಸಲಹೆ ಸಲ್ಲಿಸಿದರು. ಯಾವುದೂ ಅನುಷ್ಠಾನಕ್ಕೆ ಬರಲಿಲ್ಲ. ಆಗ ಹಿಂದಿನಿಂದ ಅವ್ವ ಬಂದಳು. ಬಂದ ರೀತಿ ನೋಡಿ ಮಕ್ಕಳು ಕಿಲಕಿಲನೆ ನಕ್ಕರು. ಅವಳು ಗುಡ್ಡದ ಕಡೆ ಮುಖ ಮಾಡಿ, ಸೊಂಟ ಬಗ್ಗಿಸಿ, ಮೇಲಿನ ಮೆಟ್ಟಿಲ ಮೇಲೆ ಅಂಗೈ ಊರಿ, ಒಂದೊಂದೇ ಕಾಲನ್ನು ಹಿಂದಕ್ಕಿಡುತ್ತ, ಬೆನ್ನು ಮುಂದಾಗಿ ಇಳಿಯುತ್ತಿದ್ದಳು.

ಮೇಡಂ ಅವರನ್ನು ದಾಟಿ ಒಂದು ಮೆಟ್ಟಿಲು ಕೆಳಗೆ ನಿಂತು, ‘ಕೆಳಗ ಯಾಕ ನೋಡ್ತೀರಿ ತಾಯಿ?’ ಎಂದಳು. ‘ಇತ್ತಾಗ ತಿರುಗ್ರಿ, ಗುಡ್ಡದ ಕಡಿ ಮಾರಿ ಮಾಡ್ರಿ. ನೆಲ್ಲು ಹಚ್ಚೋರು ಮುಂದಕ ಹೊಕ್ಕಾರೇನು? ಹಿಂದಕ ಒಂದು ಹೆಜ್ಜಿ. ಕಾಲಿಗೆ ನೆಲ ಸಿಕ್ಕ ಮ್ಯಾಲ ಇನ್ನೊಂದು. ಹಾಂ, ಹಂಗ. ನಾನು ಕೆಳಗ ಅದೀನಿ.’

ಮೇಡಂ ತಿರುಗಿದರು. ಒಂದು ಹೆಜ್ಜೆ ಇಟ್ಟರು, ಇನ್ನೊಂದು ಇಟ್ಟರು. ಅವರ ಕಾಲನ್ನು ಅವ್ವ ಸಸಿ ಊರಿದ ಹಾಗೆ ಕೈಯಿಂದ ಹಿಡಿದು ಮೆಟ್ಟಿಲಿನ ಮೇಲೆ ಊರುತ್ತಿದ್ದಳು. ನಕ್ಕಿದ್ದ ಮಕ್ಕಳೂ ತಿರುಗಿದರು. ಅಂಜಿಕೆಯನ್ನು ಇದುವರೆಗೆ ಅಡಗಿಸಿಕೊಂಡಿದ್ದ ಇಬ್ಬರು ಗುಮಾಸ್ತರೂ ತಿರುಗಿದರು. ಪದವೀಧರೆಯಾದ ನಾನೊಬ್ಬಳೇ ಘನತೆಯಿಂದ ಮುಂದೆ ನೋಡುತ್ತ ಇಳಿಯಲು ಹೋಗಿ, ಎರಡು ಬಾರಿ ಘನತೆಸಮೇತ ಕುಳಿತೆ.

ನಡುದಾರಿಯಲ್ಲಿ ಕೋಟೆಯ ಬಾಗಿಲಿನ ನೆರಳು ಬಂದಾಗ ಎಲ್ಲರೂ ನಿಂತೆವು. ಮೇಡಂ ಅವ್ವನ ಕೈಯನ್ನು ಬಿಟ್ಟಿರಲಿಲ್ಲ. ‘ಅಮ್ಮಾ, ನೀವು ಇವರಿಗೆ ಏನಾಗಬೇಕು?’ ಎಂದು ಕೇಳಿದರು.

ಅವ್ವ ನನ್ನ ಕಡೆ ನೋಡಲಿಲ್ಲ. ‘ಈಕಿ ಊರಾಕಿ ಅದೀನ್ರಿ’ ಎಂದಳು. ‘ಸಣ್ಣಾಕಿ ಇದ್ದಾಗಿಂದ ನೋಡೀನಿ.’

ಹಾಗಾದರೆ ಉದ್ಯಾನದಲ್ಲಿ ಅವಳಿಗೆ ಕೇಳಿಸಿತ್ತು. ಕೇಳಿಸಿಯೂ ನನ್ನ ಸುಳ್ಳಿಗೆ ಅವಳು ಎರಡು ತಿಂಗಳು ಕಾವಲಿದ್ದಳು; ಈಗಲೂ ಅದು ಜಾರಿ ಬೀಳದಂತೆ ಕೈ ಕೊಡುತ್ತಿದ್ದಳು. ವರ್ಷಗಟ್ಟಲೆ ಇಸ್ತ್ರಿ ಮಾಡಿಟ್ಟುಕೊಂಡಿದ್ದ ನನ್ನ ಗ್ರಾಂಥಿಕ ಕನ್ನಡ ಆ ಕ್ಷಣಕ್ಕೆ ಕೈಗೆ ಸಿಗಲಿಲ್ಲ.

‘ನಮ್ಮವ್ವ ರೀ ಮೇಡಂ’ ಎಂದೆ. ‘ನನ್ನ ಹಡದಾಕಿ. ಅವತ್ತು ನಾನು ನಿಮಗ ಸುಳ್ಳು ಹೇಳಿದೆ.’

ಮೇಡಂ ಬೆವರು ಒರೆಸಿಕೊಂಡು ನಕ್ಕರು. ‘ಅವತ್ತೇ ಗೊತ್ತಾಗಿತ್ತು. ಇಬ್ಬರದೂ ಒಂದೇ ಮೂಗು. ನೀವಾಗೇ ಯಾವಾಗ ಹೇಳ್ತೀರೋ ಅಂತ ಕಾಯ್ತಿದ್ದೆ.’

‘ಮೂಗು ನಂದ, ಸೊಕ್ಕು ಅವರಪ್ಪಂದು’ ಎಂದಳು ಅವ್ವ. ‘ನಡೀರಿ, ಬಿಸಲು ಏರಾಕ್ಹತ್ತೈತಿ.’

ಉಳಿದ ಮೆಟ್ಟಿಲುಗಳನ್ನು ನಾನೂ ಹಿಂದೆ ಹಿಂದೆ ಹೆಜ್ಜೆಯಿಡುತ್ತಲೇ ಇಳಿದೆ. ಎಲ್ಲರಿಗಿಂತ ಕೆಳಗೆ ಅವ್ವ, ಅವಳ ಮೇಲೆ ಮೇಡಂ, ಮಕ್ಕಳು, ಗುಮಾಸ್ತರು, ನಾನು; ಕಚೇರಿಯ ಇಡೀ ಒಂದು ವಿಭಾಗ, ಸೊಂಟ ಬಗ್ಗಿಸಿ, ಗುಡ್ಡಕ್ಕೆ ನಾಟಿ ಮಾಡುತ್ತಿರುವಂತೆ ಸಾಲಾಗಿ ಸರಿಯುತ್ತಿತ್ತು. ನಾಟಿಯವರು ಹಿಂದೆ ಸರಿದಷ್ಟೂ ಅವರ ಕಣ್ಣ ಮುಂದೆ ಹಸಿರು ಹಬ್ಬುತ್ತದೆ. ನಾನು ತಗ್ಗಿ ನೋಡಿದಾಗ ಅವ್ವ ತಲೆಯೆತ್ತಿ ನಮ್ಮ ಸಾಲನ್ನು ನೋಡುತ್ತಿದ್ದಳು, ಡೊಂಕಾಗಿದೆಯೋ ಎಂಬಂತೆ.

ಮುಂದಿನ ತಿಂಗಳ ಭಾನುವಾರ ಸಿರುಗುಪ್ಪದ ಹೊಳೆದಂಡೆಗೆ ಹೊರಟೆವು. ಎದುರುಮನೆಯ ಕಟ್ಟೆಯಿಂದ ಮಾಬುನ್ನಿ, ‘ದೂರ ಹೊಂಟೀರೇನಬೇ?’ ಎಂದಳು.

ಅವ್ವ ನಿಂತು, ಓಣಿಗೆಲ್ಲ ಕೇಳುವಂತೆ ಹೇಳಿದಳು: ‘ಎಲ್ಲಿಗೆ ಅಂತ ಬಾಯಿಬಿಟ್ಟು ಕೇಳು ಮಾಬುನ್ನಿ. ಕೆಡಾಕ ನಮಗ ಕೆಲಸಾನ ಇಲ್ಲ. ಸುಮ್ಮನ ಕುಂದರಾಕ ಹೊಂಟೀವಿ.’

ಆ ಗುಡ್ಡದಿಂದ ಇಳಿದ ಮೇಲೆ ನಮ್ಮ ಮನೆಯಲ್ಲಿ ಆದ ಬದಲಾವಣೆಗಳನ್ನು ಸ್ಪಷ್ಟವಾಗಿ ನಮೂದಿಸಿ ಮುಗಿಸುತ್ತೇನೆ. ತಿಂಗಳಿಗೊಮ್ಮೆ ನಾವು ಎಲ್ಲರೂ ಹೊರಗೆ ಹೋಗುತ್ತೇವೆ. ಸ್ಥಳವನ್ನು ಅವ್ವ ಆರಿಸುತ್ತಾಳೆ. ವೇಳಾಪಟ್ಟಿ ಬರೆಯುವುದನ್ನು ನಾನು ಬಿಟ್ಟಿದ್ದೇನೆ. ದಾರಿಯಲ್ಲಿ ಯಾರಾದರೂ ಪರಿಚಿತರು ಸಿಕ್ಕರೆ, ಅವರು ಕೇಳುವ ಮೊದಲೇ, ‘ಈಕೆ ನನ್ನ ಅವ್ವ’ ಎಂದು ನಾನು ಹೇಳುತ್ತೇನೆ.