ಖಳ ಕುಡಿದ ಗಿಡಗಳು

ಇಚಲಕರಂಜಿಯ ನನ್ನ ಬಾಡಿಗೆ ಮನೆಯ ಹಿತ್ತಿಲಲ್ಲಿ ಮೊದಲು ಇದ್ದದ್ದು ಒಂದೇ ಕರಿಬೇವು. ಎಪ್ಪತ್ತರ ದಶಕ ಮುಗಿಯುವಷ್ಟರಲ್ಲಿ ಕಾಲಿಡಲು ಜಾಗ ಉಳಿದಿರಲಿಲ್ಲ. ಕೊಲ್ಹಾಪುರದಲ್ಲಿ ಎಂ.ಎ. ಓದುವಾಗ ಹತ್ತಿದ ಗಿಡದ ಚಟ ಅದು. ಶಾಲೆಯ ಮಾಸ್ತರಿಕೆ ಸಿಕ್ಕ ಮೇಲೂ ರವಿವಾರ ಅಲ್ಲಿಗೆ ಹೋಗಿ, ಎಸ್.ಟಿ. ಬಸ್ಸಿನಲ್ಲಿ ಕ್ರೋಟನ್ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದೆ. ಉಳಿದ ಗಿಡಗಳನ್ನು ಎಣ್ಣೆ ಡಬ್ಬಿಗಳಲ್ಲಿ ಹಚ್ಚಿದ್ದೆ. ಪ್ರತಿ ಡಬ್ಬಿಗೂ ಒಂದು ತಗಡಿನ ಚೂರು. ಅದರ ಮೇಲೆ ಮೊಳೆಯಿಂದ ಗಿಡ ಬಂದ ಊರು, ವರ್ಷ ಕೊರೆದಿರುತ್ತಿದ್ದೆ. ಮದುವೆಯಾಗಿರಲಿಲ್ಲ. ಸಂಜೆ ಮಾತಾಡಲು ಯಾರೂ ಇರುತ್ತಿರಲಿಲ್ಲ, ಪಕ್ಕದ ಮನೆಯ ಹೆಣ್ಣುಮಗಳೊಬ್ಬಳನ್ನು ಬಿಟ್ಟು.

ಅಥಣಿ ಕಡೆಯವಳು. ಗಂಡ ಸೈಜಿಂಗ್ ಕಾರ್ಖಾನೆಯಲ್ಲಿ ನೂಲಿಗೆ ಖಳ, ಅಂದರೆ ಗಂಜಿ, ಹಾಕುವ ಕೆಲಸದಲ್ಲಿದ್ದ. ಆಕೆ ಓಣಿಯ ಕಡೆಯ ಹಿತ್ತಿಲ ಬಾಗಿಲಿನಿಂದ ಬಂದು, ತನ್ನ ಮನೆಯಲ್ಲಿ ಹಚ್ಚಲು ನನ್ನೆದುರೇ ಗಿಡದ ಟೊಂಗೆ ಮುರಿಯುತ್ತಿದ್ದಳು.

"ಅಣ್ಣಾರ, ಸ್ವಲ್ಪ ಆ ಕಡೆ ಮಾರಿ ಮಾಡ್ರಿ. ಕದಿಯಾಕತ್ತೇನಿ."

"ಹೇಳಿ ಕದಿಯೋ ಕಳ್ಳಿನ್ನ ಇವತ್ತ ನೋಡಿದ್ನಿ."

"ಕೊಟ್ಟ ಗಿಡ ಹತ್ತೂದಿಲ್ರಿ, ಕದ್ದದ್ದ ಹತ್ತತೈತಿ. ಇಷ್ಟ ಓದೀರಿ, ಇದು ಗೊತ್ತಿಲ್ಲೇನ್ರಿ?"

ನಾನು ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದೆ. ಎಷ್ಟು ಸಲ? ಹತ್ತಾರು ಸಲ ಎನ್ನುತ್ತದೆ ನೆನಪು. ದಿನಚರಿಯಲ್ಲಿ ಸಿಗುವುದು ಮೂರೇ ಸಲ.

ಒಂದು ಮೇ ರಜೆಯಲ್ಲಿ, ಗಿಡಗಳಿಗೆ ನೀರು ಹಾಕಲು ಆಕೆಗೆ ಹೇಳಿ, ಗಡಹಿಂಗ್ಲಜಿನ ಅಕ್ಕನ ಮನೆಗೆ ಹದಿನೈದು ದಿನ ಹೋಗಿದ್ದೆ. ಆ ಬೇಸಿಗೆ ನಳದ ನೀರು ದಿನ ಬಿಟ್ಟು ದಿನ ಬರುತ್ತಿತ್ತು. ಆಕೆ ಗಂಡನಿಗೆ ಹೇಳಿ ಕಾರ್ಖಾನೆಯಲ್ಲಿ ಉಳಿದ ಖಳವನ್ನು ಬಕೆಟ್ಟಿನಲ್ಲಿ ತರಿಸಿ, ನೀರು ಬೆರೆಸಿ, ಎಲ್ಲ ಗಿಡಗಳಿಗೂ ಹಾಕಿದ್ದಳು. ಆ ಕಾರ್ಖಾನೆಯ ಖಳಕ್ಕೆ ಬೂಷ್ಟು ಬರಬಾರದೆಂದು ಮೈಲುತುತ್ತ ಬೆರೆಸುತ್ತಿದ್ದರು.

ನಾನು ಬಂದಾಗ ಹನ್ನೊಂದು ಗಿಡಗಳ ಎಲೆ ಸುಟ್ಟು ಕಪ್ಪಾಗಿತ್ತು. ಆಕೆ ಸೆರಗು ಹಿಡಿದುಕೊಂಡು ನಿಂತಿದ್ದಳು.

"ಚಲೋ ಆಗ್ಲಿ ಅಂತ ಹಾಕಿದ್ನಿರಿ ಅಣ್ಣಾರ. ಊರಾಗ ಅವ್ವ ಅನ್ನದ ಗಂಜಿ ಹಾಕಿದ್ರ ಕರಿಬೇವು ಹೆಂಗ ಚಿಗೀತಿತ್ತು! ಇದೂ ಗಂಜೀನ ಅಲ್ಲೇನ್ರಿ?"

"ಹೋಗ್ಲಿ ಬಿಡ್ರಿ, ಗಿಡ ಮತ್ತ ಬರ್ತಾವ" ಎಂದೆ. ಹಾಗೆ ಅಂದೆನೆಂದೇ ಇಷ್ಟು ವರ್ಷ ನಂಬಿದ್ದೆ. ಆಮೇಲೆ ಆಕೆ ಬರುವುದನ್ನು ಬಿಟ್ಟಿದ್ದು ತನ್ನದೇ ನಾಚಿಕೆಯಿಂದ ಎಂದೂ ನಂಬಿದ್ದೆ.

ಮೊನ್ನೆ ಆ ವರ್ಷದ ದಿನಚರಿ ತೆಗೆದೆ. ಸತ್ತ ಗಿಡಗಳ ಹೆಸರುಗಳನ್ನು ಬಂದ ಊರುಗಳ ಸಮೇತ ಒಂದರ ಕೆಳಗೊಂದು ಬರೆದಿದ್ದೇನೆ. ಆಕೆಗೆ ನಾನೇನು ಹೇಳಿದೆನೆಂಬುದು ಇಲ್ಲ. ಕೊನೆಗೆ ಒಂದು ಸಾಲು: "ನಾಳೆ ಹಿತ್ತಿಲ ಬಾಗಿಲಿಗೆ ಕೀಲಿ ತರಬೇಕು."

ತಂದಿದ್ದೆ. ಕೀಲಿ ಹಾಕಿದ್ದು ನೆನಪಿದೆ. ಆದರೆ ಅದು ಆಡುಗಳಿಗಾಗಿ ಎಂದು ನೆನಪಿತ್ತು. ಆ ಓಣಿಯಲ್ಲಿ ಯಾರು ಆಡು ಸಾಕಿದ್ದರೆಂದು ಯೋಚಿಸಿದರೆ ಒಂದು ಮನೆಯೂ ಹೊಳೆಯುವುದಿಲ್ಲ. ಆಕೆ ಒಂದು ಸಂಜೆಯಾದರೂ ಬಂದು, ಕೀಲಿ ಮುಟ್ಟಿ ನೋಡಿ ಹೋಗಿರಬೇಕು. ಇದು ನನ್ನ ಊಹೆ. ಕಂಡಿಲ್ಲ.

ಎಂಬತ್ತರ ನಂತರ ಹಿತ್ತಿಲು ಮೊದಲಿಗಿಂತ ದಟ್ಟವಾಯಿತು. ಕೊಲ್ಹಾಪುರದಿಂದ ಗಿಡದ ಹವ್ಯಾಸಿಗಳು ನೋಡಲು ಬರುತ್ತಿದ್ದರು, ಮರಾಠಿಯಲ್ಲಿ ಹೊಗಳಿ, ಚಹಾ ಕುಡಿದು, ಕೈ ತೊಳೆದುಕೊಂಡು ಹೋಗುತ್ತಿದ್ದರು. ಒಂದು ಮಳೆಗಾಲದಲ್ಲಿ ನಾನೇ ಆ ಕೀಲಿ ತೆಗೆದಿಟ್ಟೆ. ಆದರೆ ಬಾಗಿಲು ತೆರೆದಿದೆ ಎಂದು ಆಕೆಗೆ ಹೇಳುವುದು ಹೇಗೆ? ಹೇಳಿದರೆ, ಮುಚ್ಚಿದ್ದು ನಿನಗಾಗಿಯೇ ಎಂದು ಒಪ್ಪಿಕೊಂಡಂತಾಗುತ್ತದೆ.

ಒಂದು ಬೆಳಿಗ್ಗೆ ಓಣಿಯ ನಳದ ಹತ್ತಿರ ಆಕೆಯೊಬ್ಬಳೇ ಸಿಕ್ಕಳು. ಮಾತನ್ನು ಮನೆಯಿಂದಲೇ ಜೋಡಿಸಿಕೊಂಡು ಹೋಗಿದ್ದೆ.

"ನೀರು ಬಂತೇನ್ರಿ?" ಎಂದೆ.

"ಬಂತ್ರಿ ಸರ" ಎಂದು ತನ್ನ ಕೊಡವನ್ನು ಪಕ್ಕಕ್ಕೆ ಸರಿಸಿ, ನನಗೆ ಜಾಗ ಮಾಡಿಕೊಟ್ಟಳು.